ಹುಳಗಳ ಹೊಳೆಗೆ ಬೀಗ

ನಮ್ಮ ಹೊಟ್ಟೆಯ ಮೇಲೆ ಹೊಡೆದದ್ದು ಕಣ್ಣಿಗೆ ಕಾಣದ ಹುಳ. ಅದರ ಹೆಸರು ಹೇಳಿಕೊಂಡು ಹೊಡೆದವರು ಮಾತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುವ ಮನುಷ್ಯರು.

ನಾನು ಕೊರೊತುಮ್ ಪಾರೆ. ಕುಲದಲ್ಲಿ ಸಾಮೊ. ಬೋಬೊ ಊರಿನ ಹುವೆ ಹೊಳೆಯಲ್ಲಿ ಮಂದಿಯ ಬಟ್ಟೆ ಒಗೆದು ಬದುಕಿದವಳು. ಹೊಳೆ ಅಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಮೊಣಕಾಲು ಮುಳುಗಿದರೆ ಹೆಚ್ಚು. ಅದರಲ್ಲಿ ಮೀಸೆಯ ಮೀನುಗಳಿವೆ. ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಸತ್ತರೆ ಹಿರಿಯರು ಬಂದು ಬಟ್ಟೆ ಸುತ್ತಿ ಹೂಳುತ್ತಾರೆ. ಅದೇ ನೀರಿನಲ್ಲಿ ದಿನಗಟ್ಟಲೆ ನಿಂತ ನಮ್ಮನ್ನು ಒಬ್ಬರೂ ಮೀನಿನಷ್ಟು ಮರ್ಯಾದೆಯಿಂದ ನೋಡಿದ್ದಿಲ್ಲ.

ಸೊಂಟ ಬಗ್ಗಿಸಬೇಕು. ಕಲ್ಲಿಗೆ ಬಡಿಯಬೇಕು. ಸೋಪು ಬೆರಳ ಸಂದಿಗೆ ಇಳಿದು ಕೊರೆಯುತ್ತದೆ. ಕಾಲ ಹಿಮ್ಮಡಿ ಬಿರಿಯುತ್ತದೆ. ರಾತ್ರಿ ಮಲಗಿದರೆ ಬೆನ್ನು ಮಲಗುವುದಿಲ್ಲ. ಆದರೂ ಅದು ನಮ್ಮ ಕೆಲಸ. ಕಲ್ಲು ನಮ್ಮದು. ನನ್ನ ಅಮ್ಮ ಒಗೆದ ಕಲ್ಲಿನ ಮೇಲೇ ನಾನು ಒಗೆಯುತ್ತಿದ್ದೆ.

ಊರು ಮುಚ್ಚಿದ ವರ್ಷ ಬಂತು. ರೋಗ ಬಂತು ಅಂತ ಸಂತೆ ಮುಚ್ಚಿದರು. ಹೋಟೆಲು ಮುಚ್ಚಿದರು. ಕಸಾಯಿಖಾನೆ ಮುಚ್ಚಿದರು. ಬಸ್ಸು ನಿಂತವು. ಹೊಳೆಗೂ ಇಳಿಯಬೇಡಿ ಅಂದರು. ಎಲ್ಲರಿಗೂ ಬಂದದ್ದು ನಮಗೂ ಬಂತು ಅಂತ ಮನೆಯಲ್ಲಿ ಕೂತೆವು. ಕೂತವರಿಗೆ ಮುದ್ದೆ ಯಾರು ಕೊಡುತ್ತಾರೆ? ಮೊದಲು ಮಧ್ಯಾಹ್ನದ ಮುದ್ದೆ ನಿಂತಿತು. ಆಮೇಲೆ ಬೆಂಡೆ ಸಾರು ನೀರಾಯಿತು. ಆಮೇಲೆ ನೀರನ್ನೇ ಸಾರು ಅಂದೆವು.

ಮಳೆಗಾಲಕ್ಕೆ ಮುಂಚೆ ಊರು ತೆರೆಯಿತು. ಸಂತೆ ತೆರೆಯಿತು. ಹೋಟೆಲು ತೆರೆಯಿತು. ಕಸಾಯಿಖಾನೆಯಲ್ಲಿ ಎತ್ತುಗಳು ಮತ್ತೆ ಕೂಗಿದವು. ನಾವೂ ಬಟ್ಟೆಯ ಗಂಟು ಹೊತ್ತು, ಬೇಸಿನ್ನು ಬಡಿಯುತ್ತಾ, ಹಾಡಿಕೊಂಡು ಹೊಳೆಗೆ ಹೋದೆವು.

ಹೊಳೆಗೆ ಬೇಲಿ ಬಿದ್ದಿತ್ತು. ಉದ್ದಕ್ಕೂ ತಂತಿ. ನಮ್ಮ ಕಲ್ಲುಗಳ ನೇರಕ್ಕೆ ಒಂದು ಗೇಟು. ಗೇಟಿಗೆ ಬೀಗ. ಪಕ್ಕದಲ್ಲಿ ಒಂದು ಬಣ್ಣದ ಹಲಗೆ. ಹಲಗೆಯ ಮೇಲೆ ದೊಡ್ಡ ಕಪ್ಪು ಹುಳದ ಚಿತ್ರ. ಹುಳದ ತಲೆಗೆ ಹೆಣ್ಣಿನ ತಲೆವಸ್ತ್ರ ಕಟ್ಟಿದ್ದರು. ಸೊಂಟದ ಮೇಲೆ ಬೇಸಿನ್ನು ಇಟ್ಟಿದ್ದರು. ಮೇಲೆ ಒಂದು ಕೆಂಪು ಗೀಟು ಎಳೆದಿದ್ದರು.

ನಮ್ಮ ಗುಂಪಿನಲ್ಲಿ ಬೀಬಾ ಎಲ್ಲರಿಗಿಂತ ದಪ್ಪ. ನನ್ನ ಹಾಗೇ ಸಾಮೊ. ಅವಳು ಹಲಗೆಯ ಮುಂದೆ ನಿಂತು, ಆ ಕಡೆ ಈ ಕಡೆ ತಿರುಗಿ, ತನ್ನ ಸೊಂಟ ಮುಟ್ಟಿಕೊಂಡಳು.

"ಇದು ನಾನೇ ಕಣೇ," ಅಂದಳು. "ಮುಖ ಕೆಡಿಸಿದಾನೆ. ಸೊಂಟ ಮಾತ್ರ ಚೆನ್ನಾಗ್ ಬರ್ದವ್ನೆ."

ನಕ್ಕೆವು. ನಗದೆ ಏನು ಮಾಡುವುದು? ಊರಿನ ಕೊಳೆಯನ್ನು ಒಗೆದು ಕೊಟ್ಟವರ ತಲೆಗೆ ಹುಳದ ಮುಖ ಅಂಟಿಸಿದ್ದರು.

ಅಷ್ಟರಲ್ಲಿ ನೀರಿನ ಕಚೇರಿಯ ಅಧಿಕಾರಿ ಮೊಪೆಡ್ಡಿನ ಮೇಲೆ ಬಂದ. ಹೆಸರು ಲಸ್ಸಾನೆ ನಿಕಿಯೆಮಾ. ಅವನನ್ನು ನಾನು ಚಡ್ಡಿ ಹಾಕದ ಕಾಲದಿಂದ ಬಲ್ಲೆ. ಅವನ ಅಮ್ಮ ನೋಪೋಕೊಳ ಮನೆಯ ಬಟ್ಟೆ ಒಗೆದದ್ದು ನಾನೇ. ಇವನ ಉಚ್ಚೆಯ ಬಟ್ಟೆಯೂ ಇದೇ ಹೊಳೆಯಲ್ಲಿ ಹೋಗಿದೆ. ಆಗ ಹೊಳೆಗೆ ಏನೂ ಆಗಲಿಲ್ಲ.

ಅವನು ಕೈಯಲ್ಲಿ ಧ್ವನಿವರ್ಧಕ ಹಿಡಿದ. ನಾವು ಒಂದು ಮೊಳ ದೂರದಲ್ಲಿದ್ದೆವು. ಆದರೂ ಅದರಲ್ಲೇ ಮಾತಾಡಿದ.

"ಊರು ಮುಚ್ಚಿದ್ದಾಗ ನಾವು ನೀರನ್ನ ಪರೀಕ್ಷೆ ಮಾಡಿದ್ವಿ. ಬ್ಯಾಕ್ಟೀರಿಯಾ ಬಹಳ ಇಳಿದಿದೆ. ಮನುಷ್ಯರು ದೂರ ಇದ್ದರೆ ಹೊಳೆ ತಾನಾಗೇ ವಾಸಿಯಾಗ್ತದೆ. ಆದ್ದರಿಂದ ಇನ್ಮೇಲೆ ಇಲ್ಲಿ ಬಟ್ಟೆ ಒಗೆಯೋ ಹಾಗಿಲ್ಲ."

"ಆ ಹುಳ ಎಲ್ಲಿಗೆ ಹೋದ್ವು ಸಾಹೇಬ್ರೇ?" ಬೀಬಾ ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ಎಲ್ಲೂ ಹೋಗಲ್ಲ, ಸಾಯ್ತವೆ. ಅವು ಮನುಷ್ಯರ ಹೊಟ್ಟೇಲಿ, ದನದ ಹೊಟ್ಟೇಲಿ ಬೆಚ್ಚಗೆ ಇರೋವು. ನೀರಿಗೆ ಬಿದ್ರೆ ಬಹಳ ದಿನ ಬಾಳಲ್ಲ. ಹೊಸವು ಬರ್ತಾ ಇದ್ರೆ ಮಾತ್ರ ಲೆಕ್ಕ ಏರ್ತದೆ. ಈಗ ಆ ಜಾಗಕ್ಕೆ ಬೇರೆ ಬಂದಿವೆ. ಕಲ್ಲಿನವು, ಮಣ್ಣಿನವು. ಒಳ್ಳೇವು."

"ಅಂದ್ರೆ ಬಡವ್ರ ಹುಳ ಹೋಗಿ ಸಾವ್ಕಾರ್ರ ಹುಳ ಬಂದ್ವು."

"ಹಂಗಲ್ಲ."

"ಹೊಟ್ಟೇಲಿರೋ ಹುಳ ಅಂತೀಯ. ನಮ್ ಹೊಟ್ಟೆ ಮೂರು ತಿಂಗಳಿಂದ ಖಾಲಿ ಕಣಪ್ಪ. ಅಲ್ಲಿ ಹುಳಾನೂ ಉಪವಾಸ," ಅಂದಳು ಬೀಬಾ.

ಹೆಂಗಸರು ಬೇಸಿನ್ನು ಬಡಿದು ನಕ್ಕರು. ಲಸ್ಸಾನೆಗೂ ತುಟಿಯ ಮೂಲೆಯಲ್ಲಿ ನಗು ಬಂದಿತ್ತು. ನಾನು ಅದನ್ನು ನೋಡಿದೆ. ಸಲಿಗೆಯಿಂದ ಮುಂದೆ ಹೋದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಸಾಮೊಗಳು, ಲಸ್ಸಾನೆಯ ಕುಲದವರು ಮೊಸ್ಸಿಗಳು. ಈ ಎರಡು ಕುಲದವರು ಗೇಲಿನಂಟರು, ಒಬ್ಬರನ್ನೊಬ್ಬರು ಗೇಲಿ ಮಾಡುವುದೇ ನಂಟು. ನಮ್ಮ ಹಿರಿಯರು ಒಂದು ನಾಯಿತಲೆಯ ಸಾರಿಗಾಗಿ ಜಗಳವಾಡಿದರಂತೆ. ತಲೆ ತಿಂದವರು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಆವತ್ತಿನಿಂದ ನಾನು ಅವರನ್ನು ನನ್ನ ಆಳು ಅನ್ನಬಹುದು, ಅವರು ನನ್ನನ್ನು ತಮ್ಮ ಆಳು ಅನ್ನಬಹುದು. ಬಾಯಿಗೆ ಬಂದಂತೆ ಬೈಯಬಹುದು. ಸಾವಿನ ಮನೆಯಲ್ಲೂ ಬೈಯಬಹುದು. ಹೆಣಕ್ಕೆ ಅಡ್ಡ ಮಲಗಿ, ಬೇಡಿದ್ದನ್ನು ಕೊಡುವ ತನಕ ಏಳದೆ ಇರಬಹುದು. ಸಿಟ್ಟು ಮಾತ್ರ ಮಾಡುವಂತಿಲ್ಲ. ಗೇಲಿನಂಟರ ಮೇಲೆ ಸಿಟ್ಟು ಮಾಡಿದವರ ಮನೆ ಉದ್ಧಾರವಾಗುವುದಿಲ್ಲ. ರಾಜರೂ ಇದಕ್ಕೆ ಹೆದರಿದ್ದಾರೆ.

"ಏಯ್ ನನ್ನ ಆಳೇ," ಅಂದೆ. "ನಾಯಿತಲೆ ಕದ್ದು ತಿಂದ ಮೊಸ್ಸಿ. ಯಜಮಾನಿ ಬಂದಿದೀನಿ, ಬೀಗ ತೆಗಿಯೋ."

ಅವನ ತುಟಿಯ ನಗು ಆರಿತು. ಹಿಂದೆ ಇಬ್ಬರು ಕಾವಲಿನವರಿದ್ದರು. ಅವರ ಮುಂದೆ ಅವನಿಗೆ ಅವಮಾನವಾಯಿತೋ ಏನೋ.

"ನಾನಿಲ್ಲಿ ಮೊಸ್ಸಿ ಅಲ್ಲ," ಅಂದ. "ಅಧಿಕಾರಿ. ಈ ಗೇಟಿನ ಹತ್ರ ನಂಟು ಗಿಂಟು ನಡೆಯಲ್ಲ."

ಹಾಗಂದು ಕಾವಲಿನವರಿಗೆ ಸನ್ನೆ ಮಾಡಿದ. ಅವರು ಬೆನ್ನಿನ ಡಬ್ಬಿಯಿಂದ ನಮ್ಮ ಕಾಲಿಗೆ ಔಷಧ ಸಿಂಪಡಿಸಿದರು. ದನಕ್ಕೆ ಉಣ್ಣೆ ಹಿಡಿದರೆ ಸಿಂಪಡಿಸುತ್ತಾರಲ್ಲ, ಹಾಗೆ. ಬಿರಿದ ಹಿಮ್ಮಡಿಗೆ ಅದು ಇಳಿದಾಗ ಕಣ್ಣಲ್ಲಿ ನೀರು ಬಂತು. ಬೀಬಾ ಒಂಟಿಕಾಲಲ್ಲಿ ಕುಣಿದಳು. ಕಾವಲಿನವರು ನಕ್ಕರು. ನನಗೆ ಔಷಧದ ಉರಿಗಿಂತ ಅವನ ಮಾತಿನ ಉರಿ ಹೆಚ್ಚಾಯಿತು. ನಂಟಿಲ್ಲ ಅಂದನಲ್ಲ. ಬೈಗುಳವನ್ನೂ ಬೇಡ ಅನ್ನುವವನು ಮನುಷ್ಯನೇ?

ಮಳೆಗಾಲ ಹೋಯಿತು. ಬೀಗ ಹೋಗಲಿಲ್ಲ. ಬೀಬಾ ಕಡಲೆಕಾಯಿ ಮಾರಲು ಹೋಗಿ, ಮಾರಿದ್ದಕ್ಕಿಂತ ತಿಂದದ್ದೇ ಹೆಚ್ಚಾಗಿ, ವ್ಯಾಪಾರ ಬಿಟ್ಟಳು. ನಾನು ಬೋರಿನ ನೀರು ಕೊಂಡು ಮನೆಯಲ್ಲೇ ಒಗೆದು ನೋಡಿದೆ. ನೀರಿನವನಿಗೆ ಕೊಟ್ಟ ಮೇಲೆ ಸೋಪಿಗೆ ಉಳಿಯಲಿಲ್ಲ. ಸೋಪು ತಂದರೆ ಮುದ್ದೆಗೆ ಉಳಿಯಲಿಲ್ಲ.

ಒಂದು ದಿನ ನೋಪೋಕೊ ಮುದುಕಿ ಕೋಲೂರಿಕೊಂಡು ನಮ್ಮ ಮನೆಗೆ ಬಂದಳು. ಊರು ಮುಚ್ಚುವ ಮುಂಚೆ ಅವಳ ಬಟ್ಟೆಗಳು ನನ್ನ ಹತ್ತಿರ ಒಗೆಯಲು ಬಂದಿದ್ದವು. ಬೇರೆಯದನ್ನೆಲ್ಲ ಹಾಗೇ ಹಿಂದೆ ಕೊಟ್ಟಿದ್ದೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೆ. ಅವಳ ಗಂಡ ತಂದುಕೊಟ್ಟಿದ್ದ ಕೈಮಗ್ಗದ ನೀಲಿ ಬಟ್ಟೆ. ತಾನು ಸತ್ತಾಗ ಅದನ್ನೇ ಮೇಲೆ ಹೊದಿಸಿ ಹೊತ್ತುಕೊಂಡು ಹೋಗಬೇಕು ಅಂತ ಅವಳು ಮನೆಯವರಿಗೆಲ್ಲ ಹೇಳಿದ್ದಳು.

"ನನ್ನ ಬಟ್ಟೆ ಎಲ್ಲೇ, ನಾಯಿತಲೆ?" ಅಂದಳು.

"ಕೊಳೆಯಾಗೇ ಇದೆ ಕಣೇ, ನನ್ನ ಆಳೇ. ನಿನ್ನ ಮಗ ಹೊಳೆಗೆ ಬೀಗ ಹಾಕವ್ನೆ. ಬೀಗ ತೆಗೆದ ದಿನ ಒಗೀತೀನಿ."

"ಅಷ್ಟರಲ್ಲಿ ನಾನು ಸತ್ರೆ?"

"ಸಾಯ್ಬೇಡ. ಸಾಯೋಕೂ ಯೋಗ್ಯತೆ ಬೇಕು."

ಮುದುಕಿ ಕೆಮ್ಮುವ ತನಕ ನಕ್ಕಳು. ಮಡಿಲಿನಿಂದ ಅಡಿಕೆಯ ಹಾಗೆ ಅಗಿಯುವ ಒಂದು ಕೋಲಾ ಕಾಯಿ ತೆಗೆದು ಅರ್ಧ ತಾನು ಕಚ್ಚಿ ಅರ್ಧ ನನಗೆ ಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತಳು.

"ಅವನು ಓದಿದ್ದು ಹೆಚ್ಚಾಯ್ತು ಕಣೇ," ಅಂದಳು. "ಮನೇಲಿ ನನ್ನ ತಟ್ಟೇನೂ ಬೇರೆ ಇಡಿಸ್ತಾನೆ. ಹುಳ ಅಂತೆ."

ಆ ಮಾತಿಗೆ ಮಾತ್ರ ಅವಳು ನಗಲಿಲ್ಲ. ನನಗೆ ಅಯ್ಯೋ ಅನಿಸಿತು.

ಒಣಗಾಳಿ ಬೀಸಲು ಶುರುವಾದ ಹೊತ್ತಿಗೆ ನೋಪೋಕೊ ಸತ್ತಳು. ಬೆಳಿಗ್ಗೆ ಗಂಜಿ ಕುಡಿದು, ಗೋಡೆಗೆ ಒರಗಿದವಳು ಹಾಗೇ ಹೋದಳು. ಸುದ್ದಿ ಬಂದಾಗ ನಾನು ಒಲೆಯ ಮುಂದೆ ಕೂತು ಅತ್ತೆ. ಮನಸಾರೆ ಅತ್ತೆ. ನನ್ನನ್ನು ಅಷ್ಟು ಚೆನ್ನಾಗಿ ಬೈಯುವವರು ಇನ್ನು ಯಾರಿದ್ದಾರೆ? ಆಮೇಲೆ ಮುಖ ತೊಳೆದುಕೊಂಡು ಬೀಬಾಳನ್ನು ಕರೆದೆ.

"ಎಲ್ಲ ಸಾಮೊ ಹೆಂಗಸರನ್ನ ಕೂಗು. ಬೇಸಿನ್ನು ತಗೊಳ್ಳೋಕೆ ಹೇಳು."

ನಾನು ಮುದುಕಿಯ ನೀಲಿ ಬಟ್ಟೆ ಉಟ್ಟೆ. ಒಗೆಯದ ಬಟ್ಟೆ. ನಶ್ಯದ ಕಲೆ, ಸಾರಿನ ಕಲೆ, ಬೆವರು, ಎಲ್ಲ ಅದರಲ್ಲಿತ್ತು. ಒಂದು ಕೋಲು ಹಿಡಿದು, ಬೆನ್ನು ಬಗ್ಗಿಸಿ, ಅವಳಂತೆ ಕೆಮ್ಮುತ್ತಾ ಸಾವಿನ ಮನೆಯ ಬಾಗಿಲಿಗೆ ಹೋದೆ. ಗೇಲಿನಂಟರು ಸತ್ತವರ ವೇಷ ಹಾಕುವುದು ನಮ್ಮ ಪದ್ಧತಿ. ಅಂಗಳದಲ್ಲಿ ಅಳುತ್ತಿದ್ದ ಮೊಸ್ಸಿ ಹೆಂಗಸರು ನನ್ನನ್ನು ನೋಡಿ, ಅಳು ಅರ್ಧಕ್ಕೆ ಬಿಟ್ಟು, ಬಾಯಿಗೆ ಸೆರಗು ಒತ್ತಿ ನಕ್ಕರು.

"ಲಸ್ಸಾನೆ!" ಅಂದೆ, ಮುದುಕಿಯ ಗಂಟಲಲ್ಲಿ. "ನನ್ನ ಗಂಜಿ ಎಲ್ಲೋ? ನನ್ನ ತಟ್ಟೆ ಎಲ್ಲಿಟ್ಟಿದೀಯೋ, ಹುಳ ಎಣಿಸೋನೇ?"

ಲಸ್ಸಾನೆ ಬಾಗಿಲಲ್ಲಿ ನಿಂತಿದ್ದ. ಅತ್ತು ಅತ್ತು ಕಣ್ಣು ಊದಿತ್ತು. ಹೆಣ ಸಿದ್ಧವಾಗಿತ್ತು. ಇಮಾಮರು ಬಂದಿದ್ದರು. ಹೊತ್ತು ಮುಳುಗುವ ಮುಂಚೆ ಹೂಳಬೇಕು. ಅವನು ನನ್ನನ್ನು ನೋಡಲಿಲ್ಲ, ನನ್ನ ಮೈಮೇಲಿನ ಬಟ್ಟೆಯನ್ನು ನೋಡಿದ.

"ಚಿಕ್ಕಮ್ಮ, ಆ ಬಟ್ಟೆ ಬೇಕು. ಅಮ್ಮನಿಗೆ ಹೊದಿಸ್ಬೇಕು."

"ಬೇಕಾದ್ರೆ ಬಿಡಿಸ್ಕೊ."

ಅಷ್ಟು ಹೊತ್ತಿಗೆ ಬೀಬಾ ಚಟ್ಟದ ಮುಂದೆ, ಬಾಗಿಲಿಗೆ ಅಡ್ಡಲಾಗಿ ಮಲಗಿದ್ದಳು. ಅವಳು ಮಲಗಿದರೆ ಬಾಗಿಲು ಮುಗಿಯಿತು. ಉಳಿದವರು ಬೇಸಿನ್ನು ಬಡಿಯತೊಡಗಿದರು. ಮೊಸ್ಸಿಗಳು ಪದ್ಧತಿಯಂತೆ ಒಂದು ತಟ್ಟೆಯಲ್ಲಿ ನಾಣ್ಯ, ಕೋಲಾ ಕಾಯಿ ತಂದು ಮುಂದೆ ಇಟ್ಟರು. ಗೇಲಿನಂಟರು ಅದನ್ನು ತೆಗೆದುಕೊಂಡು, ಇಷ್ಟೇನಾ ಜಿಪುಣರೇ ಅಂತ ಬೈದು ಏಳುತ್ತಾರೆ. ಹಾಗೆ ನಡೆದುಬಂದಿದೆ.

ನಾನು ತಟ್ಟೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ.

"ಬೇಡ," ಅಂದೆ.

ಬೇಸಿನ್ನಿನ ಸದ್ದು ನಿಂತಿತು.

"ಮತ್ತೇನು ಬೇಕು?" ಅಂದ ಲಸ್ಸಾನೆ.

"ಈ ಬಟ್ಟೆ ಕೊಳೆಯಾಗಿದೆ. ನಿನ್ನಮ್ಮ ಕೊಳೆ ಬಟ್ಟೇಲಿ ಹೋಗಲ್ಲ. ಒಗೀಬೇಕು."

"ಮನೇಲಿ ನಲ್ಲಿ ಇದೆ. ಸೋಪಿದೆ. ಬಿಸಿನೀರು ಕಾಯಿಸಿ ಕೊಡಿಸ್ತೀನಿ."

"ಇಲ್ಲ."

"ಚಿಕ್ಕಮ್ಮ, ಕಾಲಿಗೆ ಬೀಳ್ತೀನಿ."

"ಇಲ್ಲ. ಹೊಳೇಲಿ ಒಗೀತೀನಿ. ನನ್ನ ಕಲ್ಲಿನ ಮೇಲೆ. ಬೀಗ ತೆಗಿ."

"ಹೊಳೆ ನಂದಲ್ಲ, ಸರ್ಕಾರದ್ದು!"

"ಹೆಣ ನಂದಲ್ಲ, ನಿಂದು. ಇಲ್ಲೇ ಇರ್ಲಿ."

ಅವನ ಮುಖಕ್ಕೆ ರಕ್ತ ನುಗ್ಗಿತು. ಬಾಯಿ ತೆರೆದ. ಕೈ ಮುಷ್ಟಿಯಾಯಿತು. ಗೇಲಿನಂಟಿನ ಮುಂದೆ, ಅದೂ ತಾಯಿಯ ಹೆಣದ ಮುಂದೆ, ಸಿಟ್ಟಿನ ಮಾತು ಬಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅವನ ದೊಡ್ಡಪ್ಪ ರಾಸ್ಮಾನೆ ಚಾಪೆಯ ಮೇಲೆ ಕೂತಿದ್ದವನು ಎದ್ದು ಬಂದು ಅವನ ಭುಜ ಹಿಡಿದ.

"ನಿಲ್ಲು. ನಾನು ಕೇಳ್ತೀನಿ, ನೀನು ಉತ್ತರ ಹೇಳು," ಅಂದ. "ಇವರು ಹೊಳೆಗಿಳಿದು ಎಷ್ಟು ಕಾಲ ಆಯ್ತು?"

"ಊರು ಮುಚ್ಚಿದಾಗಿಂದ ಇಳಿದಿಲ್ಲ ದೊಡ್ಡಪ್ಪ."

"ಈಗ ಹೊಳೇಲಿ ಹುಳ ಎಷ್ಟಿದೆ?"

ಲಸ್ಸಾನೆ ನೆಲ ನೋಡಿದ. ಒಳಗೆ ತಾಯಿಯ ಹೆಣ. ಸುಳ್ಳು ಬಾಯಿಗೆ ಬರಲಿಲ್ಲ.

"ಮೊದ್ಲಿದ್ದಷ್ಟೇ," ಅಂದ.

"ಇವರಿಲ್ದೆ ಹೆಂಗೆ ಬಂತು?"

"ಹೋಟೆಲಿನ ಮೋರಿ ಬರ್ತದೆ. ಕಸಾಯಿಖಾನೆದೂ. ಊರು ತೆರೆದ ಮೇಲೆ ಎಲ್ಲ ಮತ್ತೆ ಬರ್ತಿದೆ."

"ಅವಕ್ಕೆ ಬೀಗ ಯಾಕೆ ಹಾಕ್ಲಿಲ್ಲ?"

"ಅಷ್ಟು ದೊಡ್ಡ ಬೀಗ ನಮ್ಮ ಕಚೇರೀಲಿ ಇಲ್ಲ ದೊಡ್ಡಪ್ಪ."

ಯಾರೂ ನಗಲಿಲ್ಲ. ಬಾಗಿಲಲ್ಲಿ ಮಲಗಿದ್ದ ಬೀಬಾ ಮಾತ್ರ ತಲೆ ಎತ್ತಿದಳು. "ಮತ್ತೆ ಆ ಹಲಗೆ ಮೇಲೆ ನನ್ನ ಸೊಂಟ ಯಾಕೋ ಬರ್ಸಿದ್ದೆ?" ಅಂದಳು. ಅಷ್ಟು ದಿನ ನಕ್ಕವಳು ಆವತ್ತು ಮೊದಲ ಸಲ ಅದಕ್ಕೆ ಅತ್ತಳು. ಲಸ್ಸಾನೆ ಜೇಬಿಗೆ ಕೈ ಹಾಕಿದ. ಬೀಗದ ಕೈ ತೆಗೆದ.

ಹೊಳೆಗೆ ಹೋದೆವು. ಮುಂದೆ ಅವನು, ಹಿಂದೆ ನಾವು, ನಮ್ಮ ಹಿಂದೆ ಅರ್ಧ ಸಾವಿನ ಮನೆ. ಕಾವಲಿನವರು ಅಡ್ಡ ಬಂದವರು ಅವನ ಮುಖ ನೋಡಿ ಪಕ್ಕಕ್ಕೆ ಸರಿದರು. ತುಕ್ಕು ಹಿಡಿದ ಬೀಗ ಅವನಿಗೆ ಬಗ್ಗಲಿಲ್ಲ. ಬೀಬಾ ಒಂದು ಕಲ್ಲೆತ್ತಿ ಬಡಿದಳು. ಬಗ್ಗಿತು. ಬೀಗವನ್ನು ಕೈಯ ಸಮೇತ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನನ್ನ ಕಲ್ಲಿನ ಮೇಲೆ ಪಾಚಿ ಬೆಳೆದಿತ್ತು. ಅದನ್ನು ಉಜ್ಜಿದೆ. ನೀರಿಗೆ ಇಳಿದಾಗ ಕಾಲಿಗೆ ತಣ್ಣಗಾಯಿತು, ಎದೆಗೂ ತಣ್ಣಗಾಯಿತು. ಒಳಗೆ ಉಟ್ಟಿದ್ದ ನನ್ನ ಬಟ್ಟೆ ಬಿಗಿದುಕೊಂಡು, ಮುದುಕಿಯ ನೀಲಿ ಬಟ್ಟೆಯನ್ನು ಬಿಚ್ಚಿದೆ. ನೀರಿಗೆ ಅದ್ದುವಷ್ಟರಲ್ಲಿ ಲಸ್ಸಾನೆ ಪ್ಯಾಂಟು ಮಡಚದೆ ನೀರಿಗೆ ಇಳಿದು ಬಂದ.

"ಸ್ವಲ್ಪ ತಾಳಿ ಚಿಕ್ಕಮ್ಮ."

ಬಟ್ಟೆ ತೆಗೆದುಕೊಂಡ. ಮೂಗಿಗೆ ಒತ್ತಿಕೊಂಡ. ಭುಜ ಅಲುಗಿತು. ನಶ್ಯ, ಬೆವರು, ಸಾರು, ಅವನಮ್ಮ. ಮನೆಯಲ್ಲಿ ಅವಳ ಉಳಿದ ಬಟ್ಟೆಗಳನ್ನೆಲ್ಲ ಅವನೇ ಔಷಧ ಹಾಕಿ ಕುದಿಸಿ ಒಗೆಸಿದ್ದನಂತೆ. ಅವುಗಳಲ್ಲಿ ಯಾವ ವಾಸನೆಯೂ ಇರಲಿಲ್ಲವಂತೆ.

"ಅಮ್ಮನ ವಾಸನೆ," ಅಂದ. ಆಮೇಲೆ ಅಳುತ್ತಲೇ ನಕ್ಕ. "ಇದೂ ಹುಳದ್ದೇ ಚಿಕ್ಕಮ್ಮ. ಬೆವರಿಗೆ ವಾಸನೆ ಇಲ್ಲ. ಅದರಲ್ಲಿ ಬಾಳೋ ಹುಳದಿಂದ ಬರ್ತದೆ."

"ಗೊತ್ತಿಲ್ಲ ಕಣಪ್ಪ. ಒಗೀಲೋ ಬೇಡ್ವೋ?"

ಅವನು ಬಟ್ಟೆಯ ಒಂದು ತುದಿ ಬಾಯಲ್ಲಿ ಕಚ್ಚಿಕೊಂಡು ಹರಿದ. ಬೆರಳಗಲದ ಒಂದು ಚೂರು. ಅದನ್ನು ಜೇಬಿಗಿಟ್ಟುಕೊಂಡ. ಉಳಿದದ್ದನ್ನು ಕೊಟ್ಟ.

ಒಗೆದೆ. ಜನ್ಮದಲ್ಲಿ ಯಾವ ಬಟ್ಟೆಯನ್ನೂ ಹಾಗೆ ಒಗೆದಿರಲಿಲ್ಲ. ಕೈಮಗ್ಗದ ಬಟ್ಟೆ ನೀರು ಕುಡಿದರೆ ಎಮ್ಮೆಯಷ್ಟು ಭಾರ. ಹಿಂಡಲು ಇಬ್ಬರು ಬೇಕು. ಒಂದು ತುದಿ ಅವನ ಕೈಗೆ ಕೊಟ್ಟೆ. ನಾನು ಒಂದು ಕಡೆ ತಿರುಗಿಸಿದರೆ ಅವನೂ ಜೊತೆಗೆ ಅದೇ ಕಡೆ ತಿರುಗಿಸಿದ. ಬಟ್ಟೆ ಉರುಳಿತು, ಹಿಂಡಲಿಲ್ಲ.

"ಆ ಕಡೆ ಕಣೋ! ಕಚೇರೀಲೂ ಹಿಂಗೇ ಹಿಂಡ್ತೀಯಾ?"

"ಸುಮ್ನಿರೇ ನಾಯಿತಲೆ!" ಅಂತ ಕೂಗಿದ.

ದಂಡೆಯ ಮೇಲಿದ್ದ ಹೆಂಗಸರೆಲ್ಲ ಕೈ ತಟ್ಟಿದರು. ಬೈದನಲ್ಲ, ನಂಟು ಉಳಿಯಿತು.

ಒಣಗಾಳಿಗೆ ಬಟ್ಟೆ ಬೇಗ ಒಣಗಿತು. ಹೊತ್ತು ಮುಳುಗುವ ಮುಂಚೆ ನೋಪೋಕೊ ನೀಲಿ ಬಟ್ಟೆಯಲ್ಲಿ ಹೋದಳು. ಬೀಗ, ಬೀಗದ ಕೈ ಕೊಡಿ ಅಂತ ಲಸ್ಸಾನೆ ಸಂಜೆ ಕೇಳಿದ. ನೀರಿಗೆ ಬಿತ್ತು ಕಣಪ್ಪ, ನಿನ್ನ ಹುಳಗಳ ಹತ್ತಿರ ಕೇಳು ಅಂದೆ. ಅವನು ಇನ್ನೊಂದು ಬೀಗ ತರಲಿಲ್ಲ. ತಂತಿಯನ್ನು ನಾವು ಬಟ್ಟೆ ಒಣಹಾಕಲು ಬಳಸುತ್ತೇವೆ. ಹಲಗೆಯನ್ನು ಬೀಬಾ ಮನೆಗೆ ಒಯ್ದು, ಮುಖವನ್ನು ಕೆರೆದು ಹಾಕಿ, ಬಾಗಿಲು ಮಾಡಿಕೊಂಡಳು.

ಈಗಲೂ ಅವನು ಬಾಟಲಿ ಹಿಡಿದು ಬರುತ್ತಾನೆ. ನೀರು ತುಂಬಿಕೊಳ್ಳುತ್ತಾನೆ. ಹುಳ ಎಣಿಸುವುದು ಅವನ ಕೆಲಸ, ಎಣಿಸಲಿ. ಆದರೆ ಹೋಟೆಲಿನ ಮೋರಿ ಇನ್ನೂ ಹೊಳೆಗೇ ಬೀಳುತ್ತಿದೆ. ಅದಕ್ಕೆ ಬೀಗ ಹಾಕುವವರು ಹುಟ್ಟಿಲ್ಲ ಅಂತ ಊರೆಲ್ಲ ಹೇಳುತ್ತದೆ.

ಹೋಟೆಲಿನ ಯಜಮಾನನೂ ಮೊಸ್ಸಿಯೇ. ಅವನ ಅಪ್ಪನಿಗೆ ತುಂಬಾ ವಯಸ್ಸಾಗಿದೆ, ಏಳಲಾಗುವುದಿಲ್ಲ. ಅವರ ಮನೆಯ ಬಟ್ಟೆಯನ್ನು ಹೋದ ವಾರದಿಂದ ನಾನೇ ಒಗೆಯುತ್ತಿದ್ದೇನೆ.